ಹೆಚ್ಚುವರಿ ಕೋರ್ಸ್‌ಗೆ ಹೆಸರು ಕೊಡುವ ಮುಂಚೆ ಇಂಟರ್ನಲ್ಸ್ ವಾರ ನೋಡಿ

ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಒಂದಷ್ಟು ಮಕ್ಕಳಿಗೆ ಮೆಂಟರ್ ಕೂಡ. ಐದನೇ ಸೆಮ್ ಶುರುವಾಗುತ್ತಿದ್ದಂತೆ ಅವರಲ್ಲಿ ಅರ್ಧ ಜನ ಒಂದೇ ಪ್ರಶ್ನೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬರುತ್ತಾರೆ. "ಮೇಡಂ, ಆನರ್ಸ್‌ಗೆ ಎನ್‌ಪಿಟೆಲ್ ಕೋರ್ಸ್ ತಗೊಳ್ಳಲಾ? ಐಐಟಿ ಮದ್ರಾಸ್ ಬಿಎಸ್‌ಗೂ ಸೇರಬೇಕು ಅಂತಿದೀನಿ. ಆಗುತ್ತಲ್ವಾ?" ಆನರ್ಸ್ ಅಂದರೆ ಡಿಗ್ರಿಯ ಜೊತೆ ಹೆಚ್ಚುವರಿ ಕ್ರೆಡಿಟ್ ಗಳಿಸಿದವರಿಗೆ ಸಿಗುವ ಮನ್ನಣೆ. ಎನ್‌ಪಿಟೆಲ್ ಅಂದರೆ ಐಐಟಿಗಳು, ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಕೋರ್ಸ್‌ಗಳು. ಬಿಎಸ್ ಅಂದರೆ ಐಐಟಿ ಮದ್ರಾಸ್‌ನ ಆನ್‌ಲೈನ್ ಡಿಗ್ರಿ.

ಆಗುತ್ತೋ ಇಲ್ಲವೋ ಎಂದು ನಾನು ಬಾಯಿಮಾತಿನಲ್ಲಿ ಹೇಳುವುದಿಲ್ಲ. ಕ್ಯಾಲೆಂಡರ್ ತೆಗೆಸುತ್ತೇನೆ. ಯಾಕೆಂದರೆ ಮಕ್ಕಳು ಲೆಕ್ಕ ಹಾಕುವುದು ಸೆಮ್ಮಿನ ಮೊದಲ ಎರಡು ವಾರ ನೋಡಿಕೊಂಡು. ಆಗ ಅಸೈನ್‌ಮೆಂಟ್ ಇರುವುದಿಲ್ಲ, ರೆಕಾರ್ಡ್ ಬರೆಯುವುದಿರುವುದಿಲ್ಲ, ಸಂಜೆಯೆಲ್ಲಾ ಖಾಲಿ ಕಾಣುತ್ತದೆ. ಹೊರೆ ಜಾಸ್ತಿಯಾಗಿದೆ ಎಂದು ಗೊತ್ತಾಗುವುದು ಇಂಟರ್ನಲ್ಸ್ (ಕಾಲೇಜಿನೊಳಗೇ ನಡೆಯುವ ಟೆಸ್ಟ್) ವಾರದಲ್ಲಿ. ಹಾಗಾಗಿ ಒಪ್ಪಿಕೊಳ್ಳುವ ಮುಂಚೆ ನೋಡಬೇಕಾದದ್ದು ಸೆಮ್ಮಿನ ಅತಿ ಕಷ್ಟದ ವಾರವನ್ನು. ಆ ವಾರದಲ್ಲಿ ಎಲ್ಲ ಕೆಲಸ ಹಿಡಿಸಿದರೆ ಉಳಿದ ವಾರಗಳಲ್ಲೂ ಹಿಡಿಸುತ್ತದೆ.

ಮೊದಲು ಕ್ರೆಡಿಟ್ ಅಂದರೆ ಎಷ್ಟು ಗಂಟೆ ಎಂದು ತಿಳಿದುಕೊಳ್ಳಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಲೆಕ್ಕದಲ್ಲಿ ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆ ಲ್ಯಾಬ್‌ಗೆ ಒಂದು ಕ್ರೆಡಿಟ್. ಅದು ಕ್ಲಾಸಿನಲ್ಲಿ ಕೂರುವ ಹೊತ್ತು ಮಾತ್ರ. ಓದುವ ಹೊತ್ತೂ ಸೇರಿದರೆ ಎಷ್ಟು? 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 1,200 ಗಂಟೆಯ ಕಲಿಕೆಗೆ 40 ಕ್ರೆಡಿಟ್ ಕೊಡುತ್ತದೆ. ಅಂದರೆ ಒಂದು ಕ್ರೆಡಿಟ್‌ಗೆ 30 ಗಂಟೆ. ಮೂರು ಕ್ರೆಡಿಟ್‌ನ 12 ವಾರದ ಎನ್‌ಪಿಟೆಲ್ ಕೋರ್ಸ್‌ಗೆ 90 ಗಂಟೆ, ವಾರಕ್ಕೆ ಏಳೂವರೆ. ಮಕ್ಕಳು ಹೇಳುವುದು "ವೀಡಿಯೊ ಎರಡೂವರೆ ಗಂಟೆ ಮೇಡಂ, ಒಂದೂವರೆ ಸ್ಪೀಡಲ್ಲಿ ನೋಡಿದ್ರೆ ಇನ್ನೂ ಕಮ್ಮಿ" ಅಂತ. ವೀಡಿಯೊ ನೋಡಿ ಮುಗಿಸುವುದಕ್ಕೂ ವಿಷಯ ತಲೆಗೆ ಹೋಗುವುದಕ್ಕೂ ಇರುವ ಅಂತರ ಆ ಐದು ಗಂಟೆ. ಎನ್‌ಪಿಟೆಲ್‌ನಲ್ಲಿ ವಾರದ ಅಸೈನ್‌ಮೆಂಟ್‌ಗಳಿಗೆ ಸಿಗುವುದು 25 ಅಂಕ, ಸೆಂಟರಿಗೆ ಹೋಗಿ ಬರೆಯುವ ಪರೀಕ್ಷೆಗೆ 75. ವೀಡಿಯೊ ಮಾತ್ರ ನೋಡಿದವರು ಆ 75ರಲ್ಲಿ ಒದ್ದಾಡುತ್ತಾರೆ.

ಐಐಟಿ ಮದ್ರಾಸ್‌ನ ಡೇಟಾ ಸೈನ್ಸ್ ಬಿಎಸ್ ಇನ್ನೂ ದೊಡ್ಡ ಹೊರೆ. ಇದು 2020ರಲ್ಲಿ ಶುರುವಾಯಿತು. ಪೂರ್ತಿ ಬಿಎಸ್‌ಗೆ 142 ಕ್ರೆಡಿಟ್, ಫೌಂಡೇಶನ್ ಹಂತದಲ್ಲೇ ಎಂಟು ಕೋರ್ಸ್. ಒಂದೊಂದಕ್ಕೂ ವಾರಕ್ಕೆ ಹತ್ತು ಗಂಟೆ ಇಟ್ಟುಕೊಳ್ಳಿ. ಒಳ್ಳೆಯ ಕೋರ್ಸ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯಲ್ಲೇ ಕೂತು ಮುಗಿಸುವ ಕೋರ್ಸ್ ಎಂದುಕೊಂಡು ಸೇರಬೇಡಿ. ನಾಲ್ಕನೇ ವಾರ, ಎಂಟನೇ ವಾರ ಮುಗಿದ ಮೇಲೆ ಕ್ವಿಜ್, ಕೊನೆಗೆ ಎಂಡ್ ಟರ್ಮ್ ಪರೀಕ್ಷೆ. ಎಲ್ಲವನ್ನೂ ಸೆಂಟರಿಗೆ ಹೋಗಿಯೇ ಬರೆಯಬೇಕು. ಸೆಂಟರ್ ಬೇರೆ ಊರಲ್ಲಿ ಸಿಕ್ಕಿದರೆ ಇಡೀ ದಿನ ಅಲ್ಲಿಗೆ ಹೋಯಿತು.

ಈಗ ಗ್ರಾಫ್ ಪುಸ್ತಕದ ಒಂದು ಹಾಳೆ ತೆಗೆದುಕೊಳ್ಳಿ. ಏಳು ಕಾಲಂ, 24 ಸಾಲು, ಒಟ್ಟು 168 ಚೌಕ. ಒಂದು ಚೌಕ ಒಂದು ಗಂಟೆ. ಬಣ್ಣದ ಪೆನ್ಸಿಲ್‌ನಲ್ಲಿ ತುಂಬುತ್ತಾ ಹೋಗಿ. ಮೊಬೈಲ್ ಆ್ಯಪ್‌ನಲ್ಲಿ ಮಾಡಬಹುದು ಅನ್ನುತ್ತಾರೆ, ಆದರೆ ಹಾಳೆ ಬೇರೆ. ಬಣ್ಣ ಹಾಕುವಾಗ ಕೈ ನಿಧಾನವಾಗುತ್ತದೆ, ಸುಳ್ಳು ಲೆಕ್ಕ ಬರೆಯಲು ಮನಸ್ಸು ಬರುವುದಿಲ್ಲ.

ತಿಪಟೂರಿನಿಂದ ದಿನಾ ರೈಲಿನಲ್ಲಿ ಬರುವ ಒಬ್ಬ ಹುಡುಗಿಯ ಜೊತೆ ಕೂತು ಈ ಹಾಳೆ ತುಂಬಿದ್ದೆ. ಅವಳ ಪಟ್ಟಿಯಲ್ಲಿ ಬಿಎಸ್‌ನ ಎರಡು ಕೋರ್ಸ್, ಒಂದು ಎನ್‌ಪಿಟೆಲ್ ಮತ್ತು ಮೂರನೇ ಸೆಮ್ಮಿನ ಮ್ಯಾಥ್ಸ್ ಬ್ಯಾಕ್ (ಫೇಲಾಗಿ ಮತ್ತೆ ಬರೆಯಬೇಕಾದ ಪೇಪರ್) ಇದ್ದವು. ನಿದ್ದೆಗೆ ದಿನಕ್ಕೆ ಏಳರಂತೆ 49. ಕಾಲೇಜು, ಶನಿವಾರದ ಅರ್ಧ ದಿನವೂ ಸೇರಿ, 39. ರೈಲು, ಸ್ಟೇಷನ್‌ನಿಂದ ನಡಿಗೆ, ಕಾಯುವುದು ಎಲ್ಲ ಸೇರಿ ದಿನಕ್ಕೆ ಮೂರರಂತೆ ಆರು ದಿನಕ್ಕೆ 18. ಊಟ, ಸ್ನಾನ, ಮನೆಗೆಲಸ 21. ಉಳಿದದ್ದು 41. ಅವಳ ಮುಖ ಅರಳಿತು. "41 ಗಂಟೆ ಇದೆಯಲ್ಲಾ ಮೇಡಂ!"

ಕಾಲೇಜಿನ ಓದನ್ನು ಇನ್ನೂ ತೆಗೆದಿರಲಿಲ್ಲ. ಲ್ಯಾಬ್ ರೆಕಾರ್ಡ್, ಅಸೈನ್‌ಮೆಂಟ್, ಮಿನಿ ಪ್ರಾಜೆಕ್ಟ್, ಅವತ್ತಿನ ಪಾಠ ಅವತ್ತೇ ನೋಡುವುದು, ಇಷ್ಟಕ್ಕೇ ವಾರಕ್ಕೆ 17 ಹೋಯಿತು. ಉಳಿದದ್ದು 24. ಅವಳ ಪಟ್ಟಿಗೆ ಬೇಕಾಗಿದ್ದದ್ದು ಬಿಎಸ್‌ಗೆ 20, ಎನ್‌ಪಿಟೆಲ್‌ಗೆ ಕಮ್ಮಿ ಎಂದರೂ 7, ಬ್ಯಾಕ್‌ಗೆ 4, ಒಟ್ಟು 31. ಏನೂ ತೊಂದರೆ ಇಲ್ಲದ ವಾರದಲ್ಲೇ ಏಳು ಗಂಟೆ ಕಮ್ಮಿ. ಆ ಏಳು ಗಂಟೆ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಅವಳ ಪೆನ್ಸಿಲ್ ಸೀದಾ ನಿದ್ದೆಯ ಚೌಕಗಳ ಮೇಲೆ ಹೋಗಿ ನಿಂತಿತು.

ಎಲ್ಲರೂ ಕೈ ಹಾಕುವುದು ಅಲ್ಲಿಗೇ. ದಯವಿಟ್ಟು ಹಾಗೆ ಮಾಡಬೇಡಿ. ರಾತ್ರಿ ಎರಡಕ್ಕೆ ಮಲಗಿ ಐದೂವರೆಗೆ ಎದ್ದು ರೈಲು ಹಿಡಿದವರು ಮೊದಲನೇ ಪೀರಿಯಡ್‌ನಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಾರೆ. ಬೋರ್ಡ್ ಮುಂದೆ ನಿಂತಿರುವ ನನಗೆ ಅದು ಕಾಣಿಸುತ್ತದೆ. ಆ ಪೀರಿಯಡ್‌ನಲ್ಲಿ ಕಲಿಯದೆ ಬಿಟ್ಟದ್ದನ್ನು ಮನೆಯಲ್ಲಿ ಮತ್ತೆ ಓದಬೇಕು. ಉಳಿಸಿದ ಗಂಟೆ ಅಲ್ಲೇ ವಾಪಸ್ ಹೋಗುತ್ತದೆ.

ಪ್ರಯಾಣದ ಹೊತ್ತಿನಲ್ಲಿ ಅರ್ಧವನ್ನು ಮಾತ್ರ ಓದಿನ ಹೊತ್ತಾಗಿ ಲೆಕ್ಕ ಹಾಕಿ. ಬೆಳಿಗ್ಗೆ ಸೀಟು ಸಿಕ್ಕರೆ, ಡೌನ್‌ಲೋಡ್ ಮಾಡಿಕೊಂಡ ವೀಡಿಯೊ ನೋಡಬಹುದು. ಫಾರ್ಮುಲಾ ಹಾಳೆ ಓದಿಕೊಳ್ಳಬಹುದು. ನಿಂತುಕೊಂಡು ಬರುವ ಸಂಜೆ ರೈಲಿನಲ್ಲಿ ಪ್ರಾಬ್ಲಂ ಬಿಡಿಸುವುದಂತೂ ಆಗದ ಮಾತು. ಅದೇ ರೀತಿ ಮನೆ ಸೇರಿದ ಮೇಲಿನ ಮೊದಲ ಗಂಟೆಯನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಕೈಕಾಲು ತೊಳೆದು, ಕಾಫಿ ಕುಡಿದು, ಅಮ್ಮನ ಜೊತೆ ನಾಲ್ಕು ಮಾತಾಡುವ ಹೊತ್ತು ಅದು. ಅದನ್ನು ಕಿತ್ತುಕೊಂಡರೆ ಹೆಚ್ಚು ದಿನ ನಡೆಯುವುದಿಲ್ಲ.

ಇನ್ನು ಕಷ್ಟದ ವಾರ. ಕಾಲೇಜಿನ ಕ್ಯಾಲೆಂಡರ್, ಎನ್‌ಪಿಟೆಲ್ ಪರೀಕ್ಷೆ ದಿನ, ಬಿಎಸ್‌ನ ಕ್ವಿಜ್ ದಿನಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಬೇರೆ ಬೇರೆ ಕಡೆ ಇದ್ದಾಗ ಎಲ್ಲವೂ ಸಲೀಸಾಗಿಯೇ ಕಾಣುತ್ತವೆ, ಒಂದೇ ಕಡೆ ಬರೆದಾಗ ಗಂಟು ಎಲ್ಲಿದೆ ಗೊತ್ತಾಗುತ್ತದೆ. ಬಿಎಸ್‌ನ ಸೆಪ್ಟೆಂಬರ್ ಟರ್ಮ್‌ಗೆ ಸೇರಿದರೆ ಅದರ ಕೊನೆಯ ಪರೀಕ್ಷೆ ಬರುವುದು ಡಿಸೆಂಬರ್‌ನಲ್ಲಿ. ನಮ್ಮಲ್ಲಿ ಲ್ಯಾಬ್ ಎಕ್ಸಾಂ, ಥಿಯರಿ ಎಕ್ಸಾಂ ಬಂದು ನಿಲ್ಲುವುದೂ ಹೆಚ್ಚುಕಮ್ಮಿ ಆ ಕಾಲಕ್ಕೇ. ಬ್ಯಾಕ್ ಇದ್ದವರಿಗೆ ಅದೇ ಸೀಸನ್‌ನಲ್ಲಿ ಆ ಪೇಪರ್ ಕೂಡ, ಕೆಲವೊಮ್ಮೆ ರೆಗ್ಯುಲರ್ ಪೇಪರ್‌ನ ಹಿಂದಿನ ದಿನವೇ.

ಇಲ್ಲಿ ಮನೆಯ ದಿನಗಳನ್ನೂ ಬರೆಯಿರಿ. ನಮ್ಮ ಕಡೆ ಎಷ್ಟೋ ಮಕ್ಕಳ ಮನೆಯಲ್ಲಿ ನವೆಂಬರ್, ಡಿಸೆಂಬರ್ ಅಂದರೆ ರಾಗಿ ಕೊಯ್ಲು. ಆಳು ಸಿಗದಿದ್ದರೆ ಕಾಲೇಜಿಗೆ ಹೋಗುವ ಮಗನೂ ಮಗಳೂ ಹೊಲಕ್ಕೆ ಇಳಿಯಲೇಬೇಕು. ಅಕ್ಕನ ಮದುವೆ, ಊರ ಜಾತ್ರೆ ಯಾವುದೂ ಕ್ವಿಜ್ ನೋಡಿಕೊಂಡು ಬರುವುದಿಲ್ಲ. ಇದನ್ನೆಲ್ಲ ಬರೆಯಲು ಮಕ್ಕಳು ಹಿಂಜರಿಯುತ್ತಾರೆ, ಓದಿಗೆ ಸಂಬಂಧ ಇಲ್ಲ ಎಂದುಕೊಂಡು. ಸಂಬಂಧ ಇದೆ. ಗಂಟೆಗಳು ಹೋಗುವುದು ಅಲ್ಲಿಗೇ ತಾನೆ?

ಇಂಟರ್ನಲ್ಸ್ ಇರುವ ವಾರಕ್ಕೆ ಮಾಮೂಲಿ ಓದಿನ ಮೇಲೆ ಕನಿಷ್ಠ ಹತ್ತು ಗಂಟೆ ಜಾಸ್ತಿ ಬೇಕು ಎಂದು ಇಟ್ಟುಕೊಳ್ಳಿ. ಅದನ್ನು ಬಿಟ್ಟುಕೊಡಬೇಡಿ. ವಿಟಿಯುನ 2022ರ ಸ್ಕೀಮ್‌ನಲ್ಲಿ (ಪಠ್ಯಕ್ರಮದಲ್ಲಿ) ಸಿಐಇ, ಅಂದರೆ ಸೆಮ್ ಉದ್ದಕ್ಕೂ ಕಾಲೇಜಿನಲ್ಲೇ ಕೊಡುವ ಅಂಕ, 50ಕ್ಕೆ 20 ಬರದಿದ್ದರೆ ಆ ವಿಷಯದ ಮುಖ್ಯ ಪರೀಕ್ಷೆಗೇ ಕೂರುವ ಹಾಗಿಲ್ಲ. ಹಾಜರಿ ಶೇ. 85 ಇರಬೇಕು, ಕ್ವಿಜ್‌ಗೆ ಓದಲು ಎಂದು ಎರಡೆರಡು ದಿನ ರಜೆ ಹಾಕುತ್ತಾ ಹೋದರೆ ಶಾರ್ಟೇಜ್ ಪಟ್ಟಿಯಲ್ಲಿ ಹೆಸರು ಬರುತ್ತದೆ. ಮುಖ್ಯ ಪರೀಕ್ಷೆಯಲ್ಲಿ ಐದು ಮಾಡ್ಯೂಲ್, ಪ್ರತಿಯೊಂದರಿಂದಲೂ ಒಂದು ಪೂರ್ತಿ ಪ್ರಶ್ನೆ ಬರೆಯಬೇಕು. ಎರಡು ಮಾಡ್ಯೂಲ್ ಬಿಟ್ಟು ಉಳಿದದ್ದರಲ್ಲಿ ನೋಡಿಕೊಳ್ಳುತ್ತೇನೆ ಎಂದರೆ ಅಲ್ಲಿಗೇ ನೂರರಲ್ಲಿ ನಲವತ್ತು ಹೋಯಿತು.

ಆ ತಿಪಟೂರಿನ ಹುಡುಗಿ ಕೊನೆಗೆ ಬಿಎಸ್‌ನಲ್ಲಿ ಒಂದೇ ಕೋರ್ಸ್ ಇಟ್ಟುಕೊಂಡಳು. ಎನ್‌ಪಿಟೆಲ್ ಅನ್ನು ಜನವರಿಗೆ ತಳ್ಳಿದಳು. ಬ್ಯಾಕ್ ಬಿಡಲಿಲ್ಲ, ನಾನೂ ಬಿಡಗೊಡುತ್ತಿರಲಿಲ್ಲ. ವಾರಕ್ಕೆ 14 ಗಂಟೆ ಆಯಿತು, ಹತ್ತು ಖಾಲಿ ಉಳಿಯಿತು. ಆ ಹತ್ತು ಇಂಟರ್ನಲ್ಸ್ ವಾರಕ್ಕೆ. ಜ್ವರ ಬಂದರೂ ಅದೇ. ಖಾಲಿ ಇದೆಯಲ್ಲಾ, ಏನಾದರೂ ಸೇರಿಸೋಣ ಎಂದು ಅವಳಿಗೆ ಅನಿಸಿತ್ತು. ಬೇಡ ಎಂದೆ.

ಬ್ಯಾಕ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಬ್ಯಾಕ್ ಬದಿಗಿಟ್ಟು ಹೊಸ ಸರ್ಟಿಫಿಕೇಟ್ ಹಿಂದೆ ಹೋಗಬೇಡಿ. ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಮೊದಲೇ ಕೇಳುವುದು ಬ್ಯಾಕ್ ಇದೆಯಾ ಎಂದು. ಎರಡಕ್ಕಿಂತ ಜಾಸ್ತಿ ಬ್ಯಾಕ್ ಇದ್ದರೆ ಈ ಸೆಮ್ ಬೇರೆ ಏನೂ ಬೇಡ, ಅದನ್ನು ಕ್ಲಿಯರ್ ಮಾಡುವುದೇ ನಿಮ್ಮ ಹೆಚ್ಚುವರಿ ಕೋರ್ಸ್.

ಹಾಗಾದರೆ ಭಾರವಾದ ಸೆಮ್ ಯಾರಿಗೂ ಬೇಡವೇ? ಖಂಡಿತ ಕೆಲವರಿಗೆ ಬೇಕು. ಹಾಸ್ಟೆಲ್‌ನಲ್ಲಿದ್ದು ಪ್ರಯಾಣದ ಹೊತ್ತು ಉಳಿದಿರುವವರು, ಬ್ಯಾಕ್ ಇಲ್ಲದವರು, ಹಿಂದಿನ ಸೆಮ್ಮಿನಲ್ಲಿ ಕೊನೆಯ ವಾರದ ತನಕ ಕಾಯದೆ ಓದಿದವರು ಇವರೆಲ್ಲ ಧೈರ್ಯವಾಗಿ ತೆಗೆದುಕೊಳ್ಳಬಹುದು. ವಿಟಿಯು ಆನರ್ಸ್‌ಗೆ 18 ಕ್ರೆಡಿಟ್ ಹೆಚ್ಚುವರಿ ಬೇಕು. ಐದನೇ ಸೆಮ್‌ನಿಂದ ಹಂಚಿಕೊಂಡರೆ ಸೆಮ್‌ಗೆ ಒಂದು, ಕೆಲವೊಮ್ಮೆ ಎರಡು ಕೋರ್ಸ್. ಹಾಗೆ ಹಂಚಿದಾಗ ಅದು ಹೊರೆಯೇ ಅನಿಸುವುದಿಲ್ಲ. ಏಳನೇ ಸೆಮ್‌ನಲ್ಲಿ ಒಟ್ಟಿಗೆ ಮುಗಿಸುತ್ತೇನೆ ಎಂದು ಕೂತವರು ಪ್ಲೇಸ್‌ಮೆಂಟ್, ಪ್ರಾಜೆಕ್ಟ್ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಎರಡು ಡಿಗ್ರಿ ಒಟ್ಟಿಗೆ ಮಾಡಬಹುದು ಎಂದು 2022ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿದ ಮೇಲೆ ಆ ಪ್ರಶ್ನೆಯೂ ಬರುತ್ತದೆ. ಒಂದು ಕಾಲೇಜಿಗೆ ಹೋಗಿ, ಇನ್ನೊಂದು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಮಾಡಬಹುದು. ಕ್ಲಾಸಿನ ಹೊತ್ತು ಒಂದರ ಮೇಲೊಂದು ಬೀಳದಿದ್ದರೆ ಎರಡನ್ನೂ ಕಾಲೇಜಿಗೆ ಹೋಗಿಯೇ ಮಾಡಬಹುದು. ನಿಯಮ ಅವಕಾಶ ಕೊಟ್ಟಿದೆ, ದಿನಕ್ಕೆ ಇನ್ನೊಂದು ಗಂಟೆ ಸೇರಿಸಿ ಕೊಟ್ಟಿಲ್ಲ. 168ರ ಹಾಳೆ ಇಲ್ಲೂ ಅದೇ.

ಸೇರುವ ಮುಂಚೆ ಪರೀಕ್ಷೆ ಮಾಡಿ ನೋಡುವ ದಾರಿಯೂ ಇದೆ. ಎನ್‌ಪಿಟೆಲ್‌ಗೆ ಸೇರುವುದು ಉಚಿತ, ಪರೀಕ್ಷೆಗೆ ಹೆಸರು ಕೊಡುವುದಕ್ಕೆ ಬೇರೆ ಕೊನೆಯ ದಿನ ಇರುತ್ತದೆ, ಕೋರ್ಸ್ ಶುರುವಾಗಿ ಕೆಲವು ವಾರ ಆದ ಮೇಲೆ. ಅಲ್ಲಿಯವರೆಗೆ ಪ್ರತಿ ಅಸೈನ್‌ಮೆಂಟ್ ಕೊನೆಯ ದಿನಕ್ಕೆ ಮುಂಚೆಯೇ ಮುಗಿಯುತ್ತಿದೆಯಾ ನೋಡಿ. ಕೊನೆಯ ರಾತ್ರಿ ಹನ್ನೊಂದೂವರೆಗೆ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಉತ್ತರ ಒತ್ತುತ್ತಿದ್ದೀರಿ ಅಂದರೆ ಆ ಕೋರ್ಸ್ ನೀವು ಮಾಡುತ್ತಿಲ್ಲ, ಪರೀಕ್ಷಾ ಶುಲ್ಕ ಕಟ್ಟಬೇಡಿ. ಬಿಎಸ್‌ಗೂ ಮೊದಲು ನಾಲ್ಕು ವಾರದ ಕ್ವಾಲಿಫೈಯರ್, ಅಂದರೆ ಪ್ರವೇಶದ ಹಂತ, ಇದೆ. ಆ ನಾಲ್ಕು ವಾರ ಕಾಲೇಜಿನ ರೆಕಾರ್ಡ್ ಹಿಂದೆ ಬಿತ್ತೋ ಇಲ್ಲವೋ, ಅದನ್ನು ಗಮನಿಸಿ. ಪಾಸಾಗುವುದಕ್ಕಿಂತ ಅದು ಮುಖ್ಯ.

ಬಿಡುವ ದಿನವನ್ನೂ ಈಗಲೇ ಬರೆದಿಡಿ. ಮೊದಲ ಇಂಟರ್ನಲ್ಸ್‌ನ ಅಂಕ ಬಂದ ದಿನ ಒಳ್ಳೆಯದು. ಹಿಂದಿನ ಸೆಮ್ಮಿಗಿಂತ ಎರಡು ವಿಷಯದಲ್ಲಿ ಕೆಳಗೆ ಇಳಿದಿದ್ದರೆ ಒಂದು ಹೆಚ್ಚುವರಿ ಕೋರ್ಸ್ ಬಿಡಬೇಕು ಎಂದು ಮೊದಲೇ ತೀರ್ಮಾನ ಮಾಡಿ, ಆ ಹಾಳೆಯ ಕೆಳಗೇ ಬರೆದು ರೂಮ್‌ಮೇಟ್‌ಗೋ ಅಕ್ಕನಿಗೋ ತೋರಿಸಿ. ಆ ಹೊತ್ತಿಗೆ ಕಟ್ಟಿದ ದುಡ್ಡು, ನೋಡಿದ ವೀಡಿಯೊಗಳು ನೆನಪಾಗಿ ಬಿಡಲು ಮನಸ್ಸಾಗುವುದಿಲ್ಲ.

ಅಪ್ಪ ಅಮ್ಮನಿಗೆ ಏನು ಹೇಳುವುದು ಎಂದು ಕೇಳುವವರಿದ್ದಾರೆ. ಪಕ್ಕದ ಮನೆಯ ಹುಡುಗ ಎರಡು ಡಿಗ್ರಿ ಮಾಡುತ್ತಿದ್ದಾನೆ ಎಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಮಾತಿಗೆ ಮಾತು ಬೆಳೆಸುವ ಬದಲು ಹಾಳೆ ತೋರಿಸಿ. ಬಣ್ಣ ತುಂಬಿದ ಚೌಕ ಯಾವ ಭಾಷಣಕ್ಕಿಂತ ಬೇಗ ಅರ್ಥವಾಗುತ್ತದೆ. ಬೇಕಾದರೆ ಮೆಂಟರ್ ಹತ್ತಿರ ಫೋನ್ ಮಾಡಿಸಿ, ನಾವು ಇರುವುದೇ ಅದಕ್ಕೆ.

ಈ ಸೆಮ್ಮಿನ ಕ್ಯಾಲೆಂಡರ್ ಇನ್ನೂ ಬಂದಿಲ್ಲದಿದ್ದರೆ ಸೀನಿಯರ್ಸ್ ಹತ್ತಿರ ಹೋದ ವರ್ಷದ್ದನ್ನು ಕೇಳಿ ಪಡೆಯಿರಿ. ದಿನಾಂಕ ಹತ್ತು ಹದಿನೈದು ದಿನ ಆಚೀಚೆ ಆಗಬಹುದು. ಪ್ರತಿ ಪರೀಕ್ಷೆಯ ಎರಡೂ ಬದಿಗೆ ಎರಡೆರಡು ವಾರ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಹೊಸ ಕ್ಯಾಲೆಂಡರ್ ಬಂದ ದಿನ ತಿದ್ದಿಕೊಳ್ಳಿ.