ಚಿತ್ರ ಟೀವಿಗೆ ಬಂತು, ಚಂಡೆ ಸದ್ದು ಎಲ್ಲಿ ಹೋಯ್ತು?

ಶಿರಸಿ ಕಡೆ ಅಡಿಕೆ ಸುಲಿಯುವ ಕಾಲ ಬಂತು ಅಂದರೆ ರಾತ್ರಿ ಜಗಲಿಯಲ್ಲಿ ಎಂಟು ಹತ್ತು ಜನ ಮೆಟ್ಟುಗತ್ತಿ ಹಿಡಿದು ಕೂತಿರುತ್ತಾರೆ. ಕೈಗೆ ಕೆಲಸ, ಕಣ್ಣು ಕಿವಿಗೆ ಯಕ್ಷಗಾನ. ನಮ್ಮ ಮನೆಯಲ್ಲಿ ಹಳೇ ಆಟಗಳ ವಿಡಿಯೋ ಎಲ್ಲಾ ಲ್ಯಾಪ್‌ಟಾಪ್‌ನಲ್ಲೇ ಇವೆ. ಅದರ ಪುಟ್ಟ ಪರದೆ ಇಷ್ಟು ಜನಕ್ಕೆ ಸಾಲುವುದಿಲ್ಲ, ಅದರ ಸ್ಪೀಕರ್‌ನಲ್ಲಿ ಚಂಡೆ ಕೇಳಿದರೆ ಡಬ್ಬ ಬಡಿದ ಹಾಗಿರುತ್ತದೆ. ಟೀವಿಗೆ ಜೋಡಿಸಿದರೆ ಎರಡೂ ಸರಿಯಾಗುತ್ತದೆ, ಖರ್ಚೂ ಜಾಸ್ತಿ ಇಲ್ಲ. ಆದರೆ ಹೆಚ್ಚಿನವರು ಒಂದೇ ಕಡೆ ಸಿಕ್ಕಿಕೊಳ್ಳುತ್ತಾರೆ: ಚಿತ್ರ ಬರುತ್ತದೆ, ಸದ್ದು ಬರುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಸದ್ದಿನ ವಿಚಾರವೇ ಜಾಸ್ತಿ.

ಮೊದಲು ಲ್ಯಾಪ್‌ಟಾಪ್ ಪಕ್ಕ ನೋಡಿ. ಚಪ್ಪಟೆಯಾಗಿ, ಕೆಳಗಿನ ಎರಡು ಮೂಲೆ ಓರೆಯಾಗಿ ಕತ್ತರಿಸಿದ ಹಾಗಿರುವ ಕಿಂಡಿ ಇದ್ದರೆ ಅದು ಎಚ್‌ಡಿಎಂಐ. ಟೀವಿಯ ಹಿಂದೆಯೂ ಅಂಥದ್ದೇ ಇರುತ್ತದೆ, ಎರಡೋ ಮೂರೋ. ಎಚ್‌ಡಿಎಂಐ ಬಂದದ್ದು 2002ರಲ್ಲಿ. ಚಿತ್ರ, ಸದ್ದು ಎರಡನ್ನೂ ಒಂದೇ ತಂತಿಯಲ್ಲಿ ಒಯ್ಯುವುದೇ ಅದರ ದೊಡ್ಡ ಉಪಕಾರ. ಕೇಬಲ್ ಕೊಳ್ಳುವಾಗ ಬಂಗಾರದ ಬಣ್ಣ ನೋಡಿ ಹೆಚ್ಚು ದುಡ್ಡು ಕೊಡಬೇಡಿ, ಅದರಿಂದ ಚಿತ್ರ ಚಂದ ಆಗುವುದಿಲ್ಲ. ಉದ್ದ ಮಾತ್ರ ಅಳೆದುಕೊಂಡೇ ಹೋಗಿ. 5 ಮೀಟರ್ ಒಳಗೆ ಸಾಮಾನ್ಯವಾಗಿ ಏನೂ ತೊಂದರೆ ಆಗುವುದಿಲ್ಲ.

ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬರೀ ಯುಎಸ್‌ಬಿ-ಸಿ, ಅಂದರೆ ಹೊಸ ಫೋನ್‌ಗಳ ಚಾರ್ಜಿಂಗ್ ಕಿಂಡಿಯಂಥ ಚಿಕ್ಕ ಕಿಂಡಿ ಇರುತ್ತದೆ. ಅದಕ್ಕೆ ಎಚ್‌ಡಿಎಂಐ ಅಡಾಪ್ಟರ್ ಸಿಗುತ್ತದೆ, ಆದರೆ ಎಲ್ಲಾ ಯುಎಸ್‌ಬಿ-ಸಿ ಕಿಂಡಿಯಿಂದಲೂ ಚಿತ್ರ ಹೊರಗೆ ಬರುವುದಿಲ್ಲ, ಕೆಲವು ಬರೀ ಚಾರ್ಜಿಂಗ್‌ಗೆ ಮತ್ತು ಫೈಲ್ ಸಾಗಿಸುವುದಕ್ಕೆ ಇರುವಂಥವು, ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಿಮ್ಮ ಮಾಡೆಲ್‌ನಲ್ಲಿ ಡಿಸ್‌ಪ್ಲೇ ಪೋರ್ಟ್ ಸೌಲಭ್ಯ ಇದೆಯಾ ಅಂತ ನೋಡಿಕೊಳ್ಳಿ.

ಕೇಬಲ್ ಎರಡೂ ಕಡೆ ಸಿಕ್ಕಿಸಿ. ಟೀವಿಯಲ್ಲಿ ಯಾವ ಕಿಂಡಿಗೆ ಹಾಕಿದಿರಿ, ಎಚ್‌ಡಿಎಂಐ 1ಕ್ಕೋ 2ಕ್ಕೋ, ನೆನಪಿಟ್ಟುಕೊಳ್ಳಿ. ರಿಮೋಟ್‌ನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಅಂತ ಬಟನ್ ಇರುತ್ತದೆ, ಒತ್ತಿ ಅದೇ ನಂಬರ್ ಆರಿಸಿ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಹಿಡಿದುಕೊಂಡು ಪಿ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ. ಡೂಪ್ಲಿಕೇಟ್ ಅಂದರೆ ಎರಡೂ ಕಡೆ ಒಂದೇ ಚಿತ್ರ, ಸುಮ್ನೆ ಅದನ್ನೇ ಆರಿಸಿ. ಚಿತ್ರ ಪೂರ್ತಿ ಟೀವಿಯ ಅಳತೆಗೆ ಬೇಕು ಅಂದರೆ ಸೆಕೆಂಡ್ ಸ್ಕ್ರೀನ್ ಓನ್ಲಿ ಒಳ್ಳೆಯದು.

ಈಗ ಸದ್ದು. ತಂತಿ ಹಾಕಿದ ಕೂಡಲೇ ಸದ್ದು ತಾನಾಗಿ ಟೀವಿಗೆ ಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಹೋಗುತ್ತದೆ ಕೂಡ. ಹೋಗದೇ ಇದ್ದಾಗ ತಂತಿ ಹಾಳಾಗಿದೆ ಅಂತ ಹೊಸ ತಂತಿ ತರಬೇಡಿ. ಸದ್ದು ಎಲ್ಲಿಗೆ ಕಳಿಸಬೇಕು ಅಂತ ಕಂಪ್ಯೂಟರ್‌ಗೆ ನಾವೇ ಹೇಳಬೇಕು. ಪರದೆಯ ಕೆಳಗೆ ಬಲಗಡೆ ಸ್ಪೀಕರ್ ಚಿತ್ರ ಇದೆಯಲ್ವಾ, ಅದನ್ನು ಕ್ಲಿಕ್ ಮಾಡಿ. ಸದ್ದು ಏರಿಸುವ ಪಟ್ಟಿಯ ಪಕ್ಕ ಅಥವಾ ಮೇಲೆ ಒಂದು ಚಿಕ್ಕ ಬಾಣ ಇರುತ್ತದೆ. ಅದನ್ನು ಒತ್ತಿದರೆ ಲ್ಯಾಪ್‌ಟಾಪ್ ಸ್ಪೀಕರ್, ಜೊತೆಗೆ ನಿಮ್ಮ ಟೀವಿಯ ಕಂಪನಿ ಹೆಸರು ಕಾಣಿಸುತ್ತದೆ. ಟೀವಿ ಆರಿಸಿ. ಸದ್ದು ಬಂತಾ? ಬರಲಿಲ್ಲ ಅಂದರೆ ವಿಡಿಯೋ ಪ್ಲೇಯರ್ ಮುಚ್ಚಿ ಮತ್ತೆ ತೆರೆಯಿರಿ, ಏಕೆಂದರೆ ಮೊದಲೇ ಓಡುತ್ತಿದ್ದ ಪ್ಲೇಯರ್ ಕೆಲವೊಮ್ಮೆ ಹಳೇ ದಾರಿಯನ್ನೇ ಹಿಡಿದುಕೊಂಡಿರುತ್ತದೆ.

ಪಟ್ಟಿಯಲ್ಲಿ ಟೀವಿ ಹೆಸರೇ ಇಲ್ಲವಾ? ಸೆಟ್ಟಿಂಗ್ಸ್‌ನಲ್ಲಿ ಸೌಂಡ್‌ಗೆ ಹೋಗಿ, ಹಳೇ ಮಾದರಿಯ ಸೌಂಡ್ ಕಿಟಕಿ ತೆರೆದು, ಪ್ಲೇಬ್ಯಾಕ್ ಪಟ್ಟಿಯ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ, ಶೋ ಡಿಸೇಬಲ್ಡ್ ಡಿವೈಸಸ್ ಅಂತ ಟಿಕ್ ಹಾಕಿ. ಟೀವಿ ಮಸುಕಾಗಿ ಕಂಡರೆ ಅದರ ಮೇಲೆ ಬಲ ಕ್ಲಿಕ್ ಮಾಡಿ ಎನೇಬಲ್ ಕೊಡಿ. ಮ್ಯಾಕ್ ಇದ್ದವರು ಸೌಂಡ್‌ನ ಔಟ್‌ಪುಟ್‌ನಲ್ಲಿ ಟೀವಿ ಆರಿಸಿದರೆ ಆಯ್ತು, ಆದರೆ ಅಲ್ಲಿ ಕೀಬೋರ್ಡ್‌ನಿಂದ ಸದ್ದು ಏರಿಳಿಸಲು ಹೆಚ್ಚಾಗಿ ಆಗುವುದಿಲ್ಲ, ಟೀವಿ ರಿಮೋಟೇ ಗತಿ.

ಇನ್ನೊಂದು ಸಣ್ಣ ಕಿರಿಕಿರಿ. ಚಿತ್ರದ ಅಂಚು ಟೀವಿಯ ಹೊರಗೆ ಹೋಗಿ ವೇಷದ ಕಿರೀಟದ ತುದಿ ಕಾಣುವುದೇ ಇಲ್ಲ. ಇದು ಟೀವಿ ಚಿತ್ರವನ್ನು ಸ್ವಲ್ಪ ಹಿಗ್ಗಿಸುವುದರಿಂದ ಆಗುವುದು. ಟೀವಿಯ ಪಿಕ್ಚರ್ ಸೈಜ್‌ನಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಅಂತ ಏನಾದರೂ ಇದ್ದರೆ ಅದನ್ನು ಹಾಕಿ.

ಹಳೇ ಯಂತ್ರ ಇದ್ದವರೂ ಬೇಜಾರು ಮಾಡಿಕೊಳ್ಳಬೇಕಿಲ್ಲ. ನೀಲಿ ಬಣ್ಣದ, ಮೂರು ಸಾಲಲ್ಲಿ 15 ತೂತಿರುವ ವಿಜಿಎ 1987ರಷ್ಟು ಹಳೆಯದು, ಅದರಲ್ಲಿ ಚಿತ್ರ ಮಾತ್ರ ಹೋಗುತ್ತದೆ. ಸದ್ದಿಗೆ ಇಯರ್‌ಫೋನ್ ಕಿಂಡಿಯಿಂದ ಟೀವಿಯ ಆಡಿಯೋ ಇನ್‌ಗೆ ಬೇರೆ ತಂತಿ ಎಳೆಯಬೇಕು. ಹಾಗೆ ಎಳೆದಾಗ ಗುಂಯ್ ಅಂತ ಸದ್ದು ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ, ಹೆಚ್ಚಾಗಿ ನಿಲ್ಲುತ್ತದೆ. ಹಳದಿ, ಬಿಳಿ, ಕೆಂಪು ತೂತಿನ (ಇದಕ್ಕೇ ಎವಿ ಅನ್ನುವುದು) ಡಬ್ಬಿ ಟೀವಿಗೆ ಎಚ್‌ಡಿಎಂಐಯನ್ನು ಎವಿಗೆ ಬದಲಿಸುವ ಕನ್ವರ್ಟರ್ ಬೇಕು. ನನಗೆ ಒಂದು ಅಂಗಡಿಯಲ್ಲಿ ಉಲ್ಟಾದ್ದು ಕೊಟ್ಟಿದ್ದರು, ಎರಡು ದಿನ ಟೀವಿಯಲ್ಲೇ ದೋಷ ಹುಡುಕಿದೆ. ಎಚ್‌ಡಿಎಂಐನಿಂದ ಎವಿಗೆ ಹೋಗುವುದು ಬೇರೆ, ಎವಿಯಿಂದ ಎಚ್‌ಡಿಎಂಐಗೆ ಬರುವುದು ಬೇರೆ. ನೋಡಲು ಎರಡೂ ಒಂದೇ ಥರ, ಮೇಲೆ ಬರೆದದ್ದನ್ನು ಓದಿಯೇ ತನ್ನಿ.

ಕಾರವಾರದಲ್ಲಿ ಕಡಲ ಪಕ್ಕದ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಉಪ್ಪುಗಾಳಿಗೆ ಕಿಂಡಿಯ ಲೋಹ ಕಿಲುಬು ಹಿಡಿಯುತ್ತದೆ, ಚಿತ್ರ ಬಂದು ಬಂದು ಹೋಗುತ್ತದೆ. ಟೀವಿ ಆಫ್ ಮಾಡಿ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು, ಪೂರ್ತಿ ಒಣಗಿದ ಮೇಲೆ ಪಿನ್ ನಾಲ್ಕು ಸಲ ಹಾಕಿ ತೆಗೆಯಿರಿ.

ರಾತ್ರಿಯಿಡೀ ಆಟ ಹಾಕುವವರು ಲ್ಯಾಪ್‌ಟಾಪ್ ಮುಚ್ಚಿದರೆ ಎಲ್ಲಾ ನಿಂತುಹೋಗುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಡು ನಥಿಂಗ್ ಅಂತ ಆರಿಸಿ. ಗುಡುಗು ಸಿಡಿಲು ಶುರುವಾದರೆ ಮಾತ್ರ ಚಾರ್ಜರ್ ತೆಗೆದರೆ ಸಾಕು ಅಂತ ಬಿಡಬೇಡಿ, ಟೀವಿಗೆ ಮಾಡಿನ ಮೇಲಿನ ಡಿಶ್‌ನಿಂದ ತಂತಿ ಬಂದಿರುತ್ತದೆ, ಅಲ್ಲಿಂದ ಎಚ್‌ಡಿಎಂಐ ಹಿಡಿದು ಲ್ಯಾಪ್‌ಟಾಪ್‌ಗೂ ಏಟು ಬೀಳಬಹುದು. ಗುಡುಗು ದೂರದಲ್ಲಿ ಕೇಳುವಾಗಲೇ ಎಚ್‌ಡಿಎಂಐ ಕೇಬಲನ್ನೂ ಕಿತ್ತಿಡಿ.