ಟೈಲ್ಸ್ ಒಡೆಯದೇ ಬಿಸಿನೀರಿನ ಲೈನ್ ಬಿಡಿಸಿದೆ

"ಟೈಲ್ಸ್ ಒಡೆಯದೇ ಆಗಲ್ಲ ಸಾರ್, ಬೇಕಾದ್ರೆ ಇನ್ನೊಬ್ರನ್ನ ಕೇಳಿ" ಅಂದರು, ನಲ್ಲಿಯಲ್ಲಿ ಬಿಸಿನೀರು ಸಣ್ಣಗೆ ಬರುವುದನ್ನು ನೋಡಲು ಬಂದ ಪ್ಲಂಬರ್. ಕೇಳಿದೆ. ಇನ್ನಿಬ್ಬರೂ ಅದನ್ನೇ ಹೇಳಿದರು. 18ರಿಂದ 25 ಸಾವಿರದವರೆಗೆ ಲೆಕ್ಕ ಕೊಟ್ಟರು. ನಡುವೆ ದಂಡವಾಗಿ ಕಳೆದದ್ದು ಬಿಟ್ಟರೆ, ಕೊನೆಗೆ ಕೆಲಸ ಮುಗಿದದ್ದು ಸುಮಾರು 900 ರೂಪಾಯಿಯಲ್ಲಿ.

ಕೋಲಾರದಲ್ಲಿ ನಮ್ಮದು ಹಳೇ ಮನೆ. ಗೋಡೆಯೊಳಗೆ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು), ನೀರು ಬೋರ್‌ದು. ಕಿಟ್‌ನಲ್ಲಿ ನೋಡಿದಾಗ ಗಡಸುತನ ಲೀಟರಿಗೆ 650 ಮಿಲಿಗ್ರಾಂ ಹತ್ತಿರ ಬಂತು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ 200. ಬೇರೆ ನೀರೇ ಇಲ್ಲದಿದ್ದರೆ 600. ಇಂಥ ನೀರು ಕಾದರೆ ಏನಾಗುತ್ತೆ ಅಂತ ಗೀಸರ್ ಕಾಯಿಲ್ ಬಿಚ್ಚಿದವರಿಗೆಲ್ಲ ಗೊತ್ತು: ನೀರಿನ ಉಪ್ಪು ಗಟ್ಟಿ ಪದರವಾಗಿ ಕೂರುತ್ತೆ.

ವಾಷ್‌ಬೇಸಿನ್ ಮಿಕ್ಸರ್‌ನಲ್ಲಿ (ಬಿಸಿ, ತಣ್ಣೀರು ಎರಡೂ ಬರುವ ನಲ್ಲಿ) ಒಂದು ಲೀಟರ್ ಚೊಂಬು ತುಂಬೋಕೆ ತಣ್ಣೀರಿಗೆ 8 ಸೆಕೆಂಡು. ಬಿಸಿನೀರಿಗೆ 40 ದಾಟುತ್ತಿತ್ತು. ನಲ್ಲಿ ಬಾಯಿಯ ಜಾಲರಿ (ಏರೇಟರ್) ತೊಳೆದೆ, ಒಳಗಿನ ತಿರುಗುವ ಸ್ಪಿಂಡಲ್ ಬದಲಿಸಿದೆ. 400 ರೂಪಾಯಿ ಹೋಯ್ತು, ನೀರು ಮಾತ್ರ ಹಾಗೇ. ಆಮೇಲೆ ಯಾರದೋ ಮಾತು ಕೇಳಿ ಎಂಟು ಸಾವಿರ ಕೊಟ್ಟು ಪ್ರೆಷರ್ ಪಂಪ್ ಹಾಕಿಸಿದೆ. ತಣ್ಣೀರು ರಪ್ಪನೆ ಮುಖಕ್ಕೆ ಹಾರಿತು, ಬಿಸಿನೀರು ದಾರದಷ್ಟೇ. ಮೂರನೇ ರಾತ್ರಿ ಕನೆಕ್ಷನ್ ಪೈಪ್ ಒಡೆದು ಹಾಲ್ ತುಂಬ ನೀರು. ಪಂಪನ್ನು ಅರ್ಧ ಬೆಲೆಗೆ ಮಾರಿದೆ.

ಮೊದಲೇ ಮಾಡಬೇಕಿದ್ದ ಕೆಲಸ ಆಮೇಲೆ ಮಾಡಿದೆ. ಬೇಸಿನ್ ಕೆಳಗೆ ಗೋಡೆಯಲ್ಲಿರುವ ಪುಟ್ಟ ವಾಲ್ವ್, ಅಂದರೆ ಆಂಗಲ್ ಕಾಕ್‌ನಿಂದ ಪೈಪ್ ಬಿಚ್ಚಿ ಬಕೆಟ್ ಹಿಡಿದೆ. ಅಲ್ಲೂ ಸಣ್ಣ ಧಾರೆ. ಅಂದರೆ ಮಿಕ್ಸರ್‌ದು ತಪ್ಪಿಲ್ಲ. ಗೀಸರ್ ಔಟ್‌ಲೆಟ್ ಬಿಚ್ಚಿದೆ, ಭರ್ರನೆ ಬಂತು. ಹಾಗಾದರೆ ಕಟ್ಟಿರುವುದು ಮಧ್ಯದ ಹನ್ನೆರಡು ಅಡಿ ಪೈಪಲ್ಲೇ.

ಪೈಪಿನ ತುದಿಯಿಂದ ಕೆರೆದ ಉಪ್ಪಿನ ಚೂರುಗಳನ್ನು ಮೂರು ಲೋಟದಲ್ಲಿ ಹಾಕಿಟ್ಟೆ. ವಿನೆಗರ್‌ನಲ್ಲಿ ನಿಧಾನಕ್ಕೆ ಗುಳ್ಳೆ ಬಂತು. ತಾಮ್ರದ ಹಂಡೆ ಫಳಫಳ ಮಾಡುವ ಹುಣಸೆ ರಸ ಇಲ್ಲಿ ಅಷ್ಟೇನೂ ಕೆಲಸ ಮಾಡಲಿಲ್ಲ. ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ಬಿಸಿ ನೀರಲ್ಲಿ ಚೂರು ಸುಯ್ ಅಂತ ನೊರೆ ಎದ್ದು ಅರ್ಧ ಗಂಟೆಯಲ್ಲಿ ಕರಗಿತು. ಟಾಯ್ಲೆಟ್ ಆಸಿಡ್ ಹಾಕಿ ಅಂದವರೂ ಇದ್ದರು. ಹಳೇ ಪೈಪ್ ತುಂಡಿನ ಮೇಲೆ ಹಾಕಿ ನೋಡಿದೆ. ಸತುವಿನ ಲೇಪನವೇ ಹೋಗಿ ಕಪ್ಪಾಯಿತು. ದಯವಿಟ್ಟು ಅದನ್ನು ಮುಟ್ಟಬೇಡಿ.

ನಂತರ ಏರ್ ಕೂಲರ್ ಪಂಪ್ ತಂದೆ, 300 ರೂಪಾಯಿ. ಕರೆಂಟಿನ ಎಂಸಿಬಿ ಸ್ವಿಚ್ ಇಳಿಸಿ ಗೀಸರ್ ಬಿಡಿಸಿದೆ, ಶವರ್ ಬಂದ್ ಮಾಡಿದೆ. ಬಕೆಟ್‌ನಿಂದ ನಿಂಬೆ ಉಪ್ಪಿನ ನೀರು ಬೇಸಿನ್ ಕಡೆಯಿಂದ ಹೊಕ್ಕು, ಗೀಸರ್ ಕಡೆಯಿಂದ ಹೊರಬಂದು, ಟ್ಯೂಬಲ್ಲಿ ಬಕೆಟ್‌ಗೇ ವಾಪಸ್. ಹರಿವು ಉಲ್ಟಾ ಇರಬೇಕು, ಅದು ಮುಖ್ಯ. ಮೊದಲ ಸಲ ನೀರು ಮೇಲೇರಲೇ ಇಲ್ಲ. ಆ ಪುಟ್ಟ ಪಂಪ್‌ಗೆ ಆರಡಿಯೇ ಜಾಸ್ತಿ. ಬಕೆಟ್‌ನ ಸ್ಟೂಲ್ ಮೇಲಿಟ್ಟ ಮೇಲೆ ಏರಿತು. "ಪೈಪಿಗೂ ಪಾನಕ ಕುಡಿಸ್ತಿದ್ದೀಯೇನೋ" ಅಂತ ಅಮ್ಮ ನಕ್ಕರು.

ಇಪ್ಪತ್ತು ನಿಮಿಷಕ್ಕೆ ನೀರು ಟೀ ಬಣ್ಣಕ್ಕೆ ತಿರುಗಿತು. ಟ್ಯೂಬಿನ ಬಾಯಿಗೆ ಕಟ್ಟಿದ್ದ ಹಳೇ ಪಂಚೆ ಬಟ್ಟೆಯಲ್ಲಿ ಅವರೆಕಾಳಿನಷ್ಟು ದಪ್ಪದ ಚೂರುಗಳು. ಮುರಿದರೆ ಒಳಗೆ ಬಿಳಿ, ಕಂದು, ಬಿಳಿ ಪದರ. ಎರಡು ಸಲ ಹೊಸ ನೀರು ಹಾಕಿದೆ. ಒಂದೊಂದು ಸಲಕ್ಕೆ ಮುಕ್ಕಾಲು ಗಂಟೆ, ಅದಕ್ಕಿಂತ ಹೆಚ್ಚು ಬಿಡಲಿಲ್ಲ. ಕೊನೆಗೆ ಅಡುಗೆ ಸೋಡಾ ನೀರು, ಆಮೇಲೆ ಬರೀ ನೀರು. ಲೀಟರಿಗೆ ಎಷ್ಟು ನಿಂಬೆ ಉಪ್ಪು, ಕೂಲರ್ ಟ್ಯೂಬನ್ನು ಅರ್ಧ ಇಂಚಿನ ಥ್ರೆಡ್‌ಗೆ ಸೋರದ ಹಾಗೆ ಹೇಗೆ ಕೂರಿಸಿದೆ, ಅದೆರಡನ್ನ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನಾಲ್ಕು ಭಾನುವಾರ ಕೂತು ಕಲಿತದ್ದು.

ಚೊಂಬು 11 ಸೆಕೆಂಡಿಗೆ ತುಂಬಿತು! ಮೊದಲ ಪ್ಲಂಬರನ್ನೇ ಕರೆದು ತೋರಿಸಿದೆ. ಅವರು ತಾವೇ ಎರಡು ಸಲ ತಿರುಗಿಸಿ ನೋಡಿ, ಪಂಪಿನ ಫೋಟೋ ತೆಗೆದುಕೊಂಡು ಹೋದರು. ಎಂಟು ತಿಂಗಳಾಯಿತು, ಈಗ 13 ಸೆಕೆಂಡು. 20 ಆದ ದಿನ ಮತ್ತೆ ಸ್ಟೂಲ್ ಇಡುತ್ತೇನೆ.