ಅಡಿಕೆ ಮರದ ಗೂಡಿಗೆ ಚೇಕಡಿ ಬಂತು: ನನ್ನ ಅನುಭವ

ಹಕ್ಕಿಗೆ ಅಂತ ಗೂಡಿನ ಡಬ್ಬ ಕಟ್ತೀನಿ ಅಂದ್ರೆ, ಬಯಲುಸೀಮೆ ಬಿಸಿಲಿಗೆ ಡಬ್ಬದೊಳಗೆ ಯಾವ ಹಕ್ಕಿ ಮೊಟ್ಟೆ ಇಡ್ತೈತೆ, ಸುಮ್ನೆ ದುಡ್ಡು ದಂಡ ಅಂದಿದ್ರು ನಮ್ಮೋರೇ. ಚಿತ್ರದುರ್ಗದ ಜೋಗಿಮಟ್ಟಿ ಬುಡದಲ್ಲಿರೋ ನಮ್ಮ ಪ್ರಕೃತಿ ಅಧ್ಯಯನ ಕೇಂದ್ರದಾಗೆ ಈ ವರ್ಷ ಎರಡು ಗೂಡಲ್ಲಿ ಚೇಕಡಿ ಅನ್ನೋ ಪುಟ್ಟ ಹಕ್ಕಿ, ಒಂದ್ರಲ್ಲಿ ಮಡಿವಾಳ ಹಕ್ಕಿ ಮರಿ ಮಾಡಿ ಹಾರಿಸ್ಕೊಂಡು ಹೋದ್ವು, ಈಗ ಅದೇ ಮಂದಿ ಫೋಟೋ ಕಳ್ಸ್ರಿ ಅಂತಾರೆ.

ಮೊದ್ಲು ಎಲ್ಲರಂಗೆ ಪ್ಲೈವುಡ್ಡೇ. ಒಂದಕ್ಕೆ ಮುನ್ನೂರೈವತ್ತರ ಹತ್ರ ಬಿತ್ತು, ಬಣ್ಣ, ಮೊಳೆ, ಆಟೋ ಎಲ್ಲ ಸೇರಿ ಹತ್ತು ಸಾವಿರ ಹೋಗಿರ್ಬೇಕು. ಒಂದೇ ಮಳೆಗಾಲಕ್ಕೆ ಪದರ ಬಿಟ್ಕೊಂಡು ಹಪ್ಪಳದಂಗೆ ಸುರುಳಿ ಆದ್ವು. ಉಳಿದಿದ್ರಲ್ಲಿ ಕಣಜ, ಇರುವೆ, ಅಳಿಲು. ಏಪ್ರಿಲಲ್ಲಿ ಥರ್ಮಾಮೀಟರ್ ಇಳಿಬಿಟ್ಟು ನೋಡಿದ್ರೆ ಹೊರಗೆ 38, ಒಳಗೆ 43ರ ಮೇಲೆ. ಪಿವಿಸಿ ಪೈಪು ಅದಕ್ಕಿಂತ ಕಡೆ. ಮಣ್ಣಿನ ಕುಡಿಕೆ ಕಟ್ಟಿದ್ರೆ ತಂಪಿರ್ತೈತೆ ನಿಜ, ಆದ್ರೆ ಆಷಾಢದ ಗಾಳಿಗೆ ಕೊಂಬೆಗೆ ಬಡಿದು ಚೂರಾದ್ವು, ನಮ್ ಗುಡ್ಡದ ಮೇಲೆ ಗಾಳಿ ಫ್ಯಾನು ಸುಮ್ನೆ ನಿಲ್ಸಿಲ್ಲ.

ಭೀಮಸಮುದ್ರದ ಕಡೆ ಬೋರ್ ಬತ್ತಿ ಒಣಗಿದ ಅಡಿಕೆ ತೋಟ ಕಡೀತಿದ್ರು, ಬುಡದ ದಪ್ಪ ಭಾಗ ಮಾತ್ರ ಗಾಡಿಗೆ ಹಾಕ್ಸಿದೆ, ಕಾಂಡಕ್ಕೆ ದುಡ್ಡೇ ತಗಳ್ಳಿಲ್ಲ ತೋಟದ ಪುಣ್ಯಾತ್ಮ. ಒಂದಡಿ ತುಂಡು ಮಾಡಿ, ಉದ್ದಕ್ಕೆ ಸೀಳಿ, ತಿರುಳು ಕೆತ್ತಿ ತೆಗೆದು, ಮತ್ತೆ ಜೋಡಿಸಿ ಬೈಂಡಿಂಗ್ ವೈರ್ ಬಿಗಿದ್ರೆ ಆತು. ತಿರುಳನ್ನ ಪೂರ್ತಿ ನುಣ್ಣಗೆ ಕೆತ್ತಬಾರ್ದು, ಒಳಗೆ ನಾರು ಒರಟಾಗಿರ್ಲಿ, ಮರಿ ಉಗುರು ಊರಿ ಮೇಲಕ್ಕೆ ಹತ್ತೋದೇ ಅದನ್ನ ಹಿಡ್ಕೊಂಡು. ಮೇಲೆ ಒಂದರ ಮೇಲೊಂದು ಮುಚ್ಚಳ ಎರಡು, ನಡುವೆ ಬೆರಳು ಹೋಗೋಷ್ಟು ಸಂದಿ. ಒಳಗಿನ ಬಿಸಿ ಹೊರಗಿನಷ್ಟೇ ನಿಂತ್ಕೊಳ್ತು. ಒಂದಕ್ಕೆ ತೊಂಬತ್ತು ರೂಪಾಯಿ ದಾಟಿಲ್ಲ, ಅದ್ರಲ್ಲಿ ಕೂಲಿನೇ ಜಾಸ್ತಿ.

ಚೇಕಡಿಗೆ ತೂತು 28 ಮಿಲಿಮೀಟರ್, 32 ಮಾಡಿದ್ರೆ ಗುಬ್ಬಚ್ಚಿ ನುಗ್ತಾವೆ. ಬಾಯಿ ಮೂಡಣಕ್ಕಿರ್ಲಿ. ಅಳಿಲು ಕಡಿದು ತೂತು ಅಗಲ ಮಾಡದಂಗೆ ಸುತ್ತ ಎಣ್ಣೆ ಡಬ್ಬದ ತಗಡು ಹೊಡೆದೆ. ಸೀಳಿದ ಸಂದಿಗೆ ಇರುವೆ ಬರದಂಗೆ ಏನ್ ಮೆತ್ತಿದೆ ಅನ್ನೋದು ಮಾತ್ರ ನನ್ ಹತ್ರನೇ ಇರ್ಲಿ, ಅದಕ್ಕೆ ಎರಡು ವರ್ಷ ತಲೆ ಕೆಡಿಸ್ಕೊಂಡೀನಿ.

ಮಧ್ಯದಲ್ಲಿ ಇನ್ನೊಂದು ಮಾಡಿದೆ. ಚಳ್ಳಕೆರೆ ಕಡೆ ಕಂಬಳಿ ನೇಯೋರ ಮನೇಲಿ ಉದುರಿದ ಕುರಿ ಉಣ್ಣೆ ತಂದು ಜಾಲಿ ಗಿಡಕ್ಕೆ ಸಿಕ್ಕಿಸಿದೆ. ಚೇಕಡಿ ಕೊಕ್ಕಿನ ತುಂಬ ಎಳ್ಕೊಂಡು ಹೋಗಿ ಹಾಸಿಗೆ ಮಾಡ್ತು, ಮೇಲೆ ಬಿಳಿ ಮೊಟ್ಟೆ, ಕೆಂಪು ಚುಕ್ಕೆ, ಐದೋ ಆರೋ. ಕರಿ ಉಣ್ಣೆ, ಬಿಳಿ ಉಣ್ಣೆ ಬೇರೆ ಬೇರೆ ಇಟ್ಟೂ ನೋಡಿದೆ, ಅದಕ್ಕೇನ್ ಭೇದ ಇಲ್ಲ. ಹಾಲಕ್ಕಿಗೆ, ಅಂದ್ರೆ ಸಣ್ಣ ಗೂಬೆಗೆ, ಅಂತ ಪ್ಯಾಕಿಂಗ್ ಮರದ ದೊಡ್ಡ ಪೆಟ್ಟಿಗೆ ಕಟ್ಟಿದ್ದೆ, ಗೊರವಂಕ ಬಂದು ಸಂಸಾರ ಹೂಡಿದ್ವು, ನಮ್ ಕೇಂದ್ರದ ಅಡಿಗೆಯಮ್ಮಂಗೆ ಅದೇ ಖುಷಿ, ಹಾಲಕ್ಕಿ ಶಕುನ ತಪ್ಪಿತಲ್ಲ ಅಂತ.

ಇನ್ನೂ ಇಪ್ಪತ್ತು ಮೂವತ್ತು ತುಂಡು ಶೆಡ್ಡಲ್ಲಿ ಬಿದ್ದಾವೆ. ಬೇಕಾದೋರು ತಗೊಂಡು ಹೋಗ್ರಿ, ಗಾಡಿ ಖರ್ಚು ನಿಮ್ದು.